ಬಾನಾಡಿಯೂ ಕೋತಿಯೂ

ಬೆಂಗಳೂರಿನ ಪೂರ್ವದಂಚಿನ ಮಹದೇವಪುರವು ಹಿಂದೆ ಕೆರೆ, ತೋಪುಗಳ ಹಳ್ಳಿಗಾಡಾಗಿತ್ತು. 2007ರಲ್ಲಿ ಅದು ಮಹಾನಗರಪಾಲಿಕೆಯೊಳಗೆ ಸೇರಿತು. ಇಂದು ಅಲ್ಲಿ ಗಾಜಿನ ಸೌಧಗಳೂ ಮೇಲುಸೇತುವೆಗಳೂ ತಲೆಯೆತ್ತಿ ನಿಂತಿವೆ. ಬದಲಾದ ಇಂತಹ ನೆಲದಲ್ಲಿ ಸ್ವಿಫ್ಟ್ ಎಂಬ ಪುಟ್ಟ ಬಾನಾಡಿ ಹೆಚ್ಚು ಅಪಾಯದಲ್ಲಿದೆಯೋ, ತಲೆಯ ಮೇಲೆ ಟೋಪಿಯಂತೆ ಕೂದಲುಳ್ಳ ನಮ್ಮ ಕೋತಿಯೋ? ಬಹುಮಂದಿ ಹಕ್ಕಿಯ ಕಡೆಗೇ ಬೆರಳು ತೋರಿಯಾರು. ಅಡುಗೆಮನೆಗೂ ನುಗ್ಗುವ ಕೋತಿಗೆ ಏನು ಭಯವೆಂಬುದು ಅವರ ಎಣಿಕೆ. ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ.

ಮೊದಲು ಇವುಗಳ ಕುಲವನ್ನು ನೋಡೋಣ. ಎರಡೂ ಕಶೇರುಕಗಳೇ. ಬಾನಾಡಿ ಪಕ್ಷಿವರ್ಗದ ಏಪೋಡಿಫಾರ್ಮಿಸ್ ಗಣಕ್ಕೆ ಸೇರಿದುದು. ಕೋತಿ ಸ್ತನಿವರ್ಗದ ಪ್ರೈಮೇಟ್ ಗಣದ್ದು. ಮನುಷ್ಯನೂ ಅದೇ ಗಣದವನು. 1758ರಲ್ಲಿ ಲಿನೇಯಸ್ ಯೂರೋಪಿನ ಬಾನಾಡಿಯನ್ನು ಸ್ವಾಲೋ ಹಕ್ಕಿಗಳ ಜೊತೆಗೆ ಇರಿಸಿದ್ದನು. ಹೊರರೂಪದ ಹೋಲಿಕೆಯೇ ಇದಕ್ಕೆ ಕಾರಣ. ಒಳರಚನೆಯನ್ನು ಪರಿಶೀಲಿಸಿದ ಮೇಲೆ, ಅದು ಅಮೆರಿಕದ ಝೇಂಕಾರದ ಹಕ್ಕಿಗಳಿಗೆ ಹತ್ತಿರದ ನೆಂಟನೆಂದು ತಿಳಿಯಿತು. ಕಣ್ಣು ಕಂಡುದೆಲ್ಲ ನಿಜವಲ್ಲ.

ಕುಲದ ವಿಷಯದಲ್ಲಿ ಮೋಸಹೋದ ಕಣ್ಣು ಕ್ಷೇಮದ ವಿಷಯದಲ್ಲಿಯೂ ಮೋಸಹೋಗುತ್ತದೆ. ಪುಟ್ಟ ಬಾನಾಡಿ ಆಫ್ರಿಕದಿಂದ ಭಾರತದವರೆಗೆ ಹರಡಿದೆ. ಹಾರುತ್ತಲೇ ಕೀಟಗಳನ್ನು ಹಿಡಿಯುತ್ತದೆ. ಗರಿಗಳನ್ನು ಜೊಲ್ಲಿನಿಂದ ಅಂಟಿಸಿ ಗೂಡು ಕಟ್ಟುತ್ತದೆ. ಬಂಡೆಯ ಸಂದಿನ ಬದಲು ಸೇತುವೆಯ ಅಡಿಭಾಗವಾದರೂ ಅದಕ್ಕೆ ಸಾಕು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ‘ಕನಿಷ್ಠ ಆತಂಕ’ದ ವರ್ಗದಲ್ಲಿದೆ. ಟೋಪಿಯ ಕೋತಿಗಾದರೋ ದಕ್ಷಿಣ ಭಾರತವಲ್ಲದೆ ಬೇರೆ ತವರಿಲ್ಲ. 2008ರಲ್ಲಿ ಅದೂ ‘ಕನಿಷ್ಠ ಆತಂಕ’ದ ವರ್ಗದಲ್ಲಿಯೇ ಇತ್ತು, 2020ರ ಪಟ್ಟಿಯಲ್ಲಿ ‘ಅಪಾಯಕ್ಕೆ ಗುರಿಯಾಗಬಲ್ಲ’ ಜೀವಿಯೆಂದು ದಾಖಲಾಯಿತು. ಮೈಸೂರು ಸೀಮೆಯ ಹೆದ್ದಾರಿಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು ದಶಕಗಳ ಕಾಲ ಕೋತಿಗಳ ಗುಂಪುಗಳನ್ನು ಎಣಿಸಿದರು. ರಸ್ತೆ ಅಗಲವಾದಂತೆ ಸಾಲುಮರದ ಆಲಗಳು ಉರುಳಿದವು, ಗುಂಪುಗಳೂ ಕಡಿಮೆಯಾದವು.

ಕೋತಿಗಳಿಂದ ರೈತನಿಗೂ ಗೃಹಿಣಿಗೂ ಆಗುವ ನಷ್ಟ ಸುಳ್ಳಲ್ಲ. ಆದರೆ ಮನೆಯ ಮಾಡಿನ ಮೇಲೆ ಕೋತಿಗಳು ಹೆಚ್ಚಾಗಿ ಕಾಣುವುದು ಅವುಗಳ ಸಮೃದ್ಧಿಯ ಗುರುತಲ್ಲ. ಅನೇಕ ಕಡೆ ಅದು ಮರ ಕಳೆದುಕೊಂಡವರ ವಲಸೆ. ಅವುಗಳನ್ನು ಹಿಡಿದು ಬೇರೆಯೂರಿನಲ್ಲಿ ಬಿಡುವುದರಿಂದ ತೊಂದರೆ ಊರು ಬದಲಿಸುತ್ತದೆ, ತೀರುವುದಿಲ್ಲ. ಕಸವನ್ನು ಮುಚ್ಚಿಡುವುದು, ತಿಂಡಿ ಎಸೆಯದಿರುವುದು, ಹಣ್ಣಿನ ಸಾಲುಮರಗಳನ್ನು ಮತ್ತೆ ಬೆಳೆಸುವುದು ಇವೇ ಸರಿಯಾದ ದಾರಿ.

ಹಕ್ಕಿಗೆ ನಮ್ಮ ಗೋಡೆ ಬಂಡೆಯಾಗಬಹುದು. ಕೋತಿಗೆ ನಮ್ಮ ಕಂಬ ಮರವಾಗಲಾರದು. ನಿತ್ಯ ಕಾಣುವ ಜೀವಿಯನ್ನು ಎಣಿಸಿ ನೋಡುವವನೇ ಅದರ ನಿಜವಾದ ರಕ್ಷಕನು.