ಒಂದು ರಾಜ್ಯ, ಒಂದೇ ತಂಡ: ಗಜೇಂದ್ರಗಡದಿಂದ ಕಂಡ ವಿಜಯ್ ಹಜಾರೆ ಫೈನಲ್

2025ರ ಜನವರಿ 18ರಂದು ವಡೋದರದಲ್ಲಿ ನಡೆದ ವಿಜಯ್ ಹಜಾರೆ ಟ್ರೋಫಿಯ ಫೈನಲ್‌ನಲ್ಲಿ ಕರ್ನಾಟಕವು ವಿದರ್ಭವನ್ನು 36 ರನ್‌ಗಳಿಂದ ಸೋಲಿಸಿ ಐದನೆಯ ಬಾರಿ ಪ್ರಶಸ್ತಿ ಗೆದ್ದಿತು. ರಾಜ್ಯ ಹಾಗೂ ಪ್ರಾದೇಶಿಕ ಸಂಸ್ಥೆಗಳ ತಂಡಗಳು ತಲಾ 50 ಓವರುಗಳ ಏಕದಿನ ಮಾದರಿಯಲ್ಲಿ ಸೆಣಸುವ ಈ ಟೂರ್ನಿಯಲ್ಲಿ ಅಂದು ಎದುರುಬದುರಾದ ತಂಡಗಳ ಪೈಕಿ ಒಂದು 2011ರ ಜನಗಣತಿಯಂತೆ ಆರು ಕೋಟಿಗೂ ಮೀರಿದ ಜನರಿರುವ ಇಡೀ ರಾಜ್ಯದ್ದಾದರೆ, ಇನ್ನೊಂದು ಮಹಾರಾಷ್ಟ್ರದ ಪೂರ್ವ ಭಾಗದ ಹನ್ನೊಂದು ಜಿಲ್ಲೆಗಳದ್ದು. ಉತ್ತರ ಕರ್ನಾಟಕದ ಗಜೇಂದ್ರಗಡದಂಥ ಊರಿನ ಕಡೆಯಿಂದ ನೋಡಿದಾಗ ಪಂದ್ಯದ ಫಲಿತಾಂಶಕ್ಕಿಂತ ಈ ಅಸಮ ಜೋಡಿಯೇ ಹೆಚ್ಚಿನ ವಿಚಾರಕ್ಕೆ ಎಡೆಮಾಡಿಕೊಡುತ್ತದೆ.

ಭಾರತದ ದೇಶೀಯ ಕ್ರಿಕೆಟ್ಟಿನ ನಕ್ಷೆಯು ಭಾಷಾವಾರು ರಾಜ್ಯಗಳ ನಕ್ಷೆಯನ್ನು ಪೂರ್ತಿಯಾಗಿ ಅನುಸರಿಸುವುದಿಲ್ಲ. ಸಂಸ್ಥಾನಗಳ ಮತ್ತು ಬ್ರಿಟಿಷ್ ಪ್ರಾಂತಗಳ ಕಾಲದ ಗಡಿಗಳು ಅಲ್ಲಿ ಇಂದಿಗೂ ಉಳಿದುಕೊಂಡಿವೆ. ಮಹಾರಾಷ್ಟ್ರ ರಾಜ್ಯದೊಳಗೆ ಮುಂಬೈ, ಮಹಾರಾಷ್ಟ್ರ, ವಿದರ್ಭ ಎಂಬ ಮೂರು ತಂಡಗಳಿದ್ದರೆ ಗುಜರಾತಿನಲ್ಲಿ ಗುಜರಾತ್, ಬರೋಡ, ಸೌರಾಷ್ಟ್ರ ಎಂಬ ಮೂರು ತಂಡಗಳಿವೆ. ಕರ್ನಾಟಕದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 1933ರಲ್ಲಿ ಹುಟ್ಟಿದ ಮೈಸೂರು ಕ್ರಿಕೆಟ್ ಸಂಸ್ಥೆಯು ರಾಜ್ಯದ ಏಕೀಕರಣದ ನಂತರ ಮುಂಬೈ ಪ್ರಾಂತದಿಂದ ಬಂದ ಧಾರವಾಡ, ಬೆಳಗಾವಿ, ವಿಜಯಪುರ ಭಾಗಗಳನ್ನೂ ಹೈದರಾಬಾದಿನಿಂದ ಬಂದ ಜಿಲ್ಲೆಗಳನ್ನೂ ಒಂದೇ ತಂಡದ ಹೆಸರಿನಡಿ ಸೇರಿಸಿಕೊಂಡಿತು; 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ತಂಡವೂ ಕರ್ನಾಟಕವಾಯಿತು. ಆಗಿನ ಧಾರವಾಡ ಜಿಲ್ಲೆಯ ರೋಣ ತಾಲ್ಲೂಕಿಗೆ ಸೇರಿದ್ದ ಗಜೇಂದ್ರಗಡವು 1997ರಲ್ಲಿ ಗದಗ ಜಿಲ್ಲೆಯ ಭಾಗವಾಗಿ, ಈಚೆಗೆ ತಾನೇ ತಾಲ್ಲೂಕು ಕೇಂದ್ರವಾಗಿ ಬೆಳೆದಿದ್ದರೂ ಕ್ರಿಕೆಟ್ಟಿನಲ್ಲಿ ಅದರ ರಾಜಧಾನಿ ಬೆಂಗಳೂರೇ ಆಗಿ ಉಳಿದಿದೆ.

ಸ್ವಂತ ತಂಡವಿರುವುದರಿಂದ ಒಂದು ಪ್ರದೇಶಕ್ಕೆ ಆಗುವ ಲಾಭವೇನು ಎಂಬುದಕ್ಕೆ ವಿದರ್ಭದ ಚರಿತ್ರೆಯೇ ಉತ್ತರ. 1957-58ರಿಂದ ರಣಜಿ ಟ್ರೋಫಿಯಲ್ಲಿ ಆಡುತ್ತ ಬಂದ ಆ ತಂಡ ದಶಕಗಳ ಕಾಲ ದುರ್ಬಲವೆಂದೇ ಎಣಿಸಿಕೊಂಡಿತ್ತು. ಆದರೆ ಪ್ರತಿ ವರ್ಷವೂ ಹನ್ನೊಂದು ಸ್ಥಾನಗಳು ಆ ಪ್ರದೇಶಕ್ಕೆ ಮೀಸಲಾಗಿದ್ದುದರಿಂದ ಅಲ್ಲಿನ ಹುಡುಗರು ಸೋಲುತ್ತಲೇ ಕಲಿತರು. ಚಂದ್ರಕಾಂತ ಪಂಡಿತರ ತರಬೇತಿಯಲ್ಲಿ 2017-18 ಮತ್ತು 2018-19ರಲ್ಲಿ ಸತತವಾಗಿ ರಣಜಿ ಗೆದ್ದ ವಿದರ್ಭ, ಮೊದಲ ಬಾರಿ ಗೆದ್ದ ವರ್ಷ ಸೆಮಿಫೈನಲ್‌ನಲ್ಲಿ ಕೊಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಕರ್ನಾಟಕವನ್ನು ಐದೇ ರನ್‌ಗಳಿಂದ ಮಣಿಸಿತ್ತು. ಗೆಲುವಿನ ಅಂಚಿಗೆ ಬಂದು ನಿಂತಿದ್ದ ಕರ್ನಾಟಕದ ಎರಡನೆಯ ಇನಿಂಗ್ಸನ್ನು ಏಳು ವಿಕೆಟ್ ಕಿತ್ತು ಮುರಿದವರು ರಜನೀಶ್ ಗುರ್ಬಾನಿ.

ವಡೋದರದ ಪಂದ್ಯದಲ್ಲಿ ಈ ಎರಡು ವ್ಯವಸ್ಥೆಗಳ ಗುಣಗಳು ಒಟ್ಟಿಗೆ ಕಾಣಿಸಿಕೊಂಡವು. ಮೊದಲು ಬ್ಯಾಟ್ ಮಾಡಿದ ಕರ್ನಾಟಕ 6 ವಿಕೆಟ್‌ಗೆ 348 ರನ್ ಗಳಿಸಿದ್ದು ಆರ್. ಸ್ಮರಣ್ ಅವರ 101 ರನ್‌ಗಳ ಜೊತೆಗೆ ಕೆ.ಎಲ್. ಶ್ರೀಜಿತ್ ಮತ್ತು ಅಭಿನವ್ ಮನೋಹರ್ ಅವರ ಅರ್ಧಶತಕಗಳ ಬಲದಿಂದ. ಮಯಂಕ್ ಅಗರವಾಲ್, ದೇವದತ್ತ ಪಡಿಕ್ಕಲ್ ಅವರಂಥ ಹೆಸರಾಂತರು ದೊಡ್ಡ ಮೊತ್ತ ಗಳಿಸದ ದಿನವೂ ಮಧ್ಯಮ ಕ್ರಮಾಂಕದಿಂದ ಇಷ್ಟು ರನ್ ಬರುವುದು ಕರ್ನಾಟಕದ ಕ್ರಿಕೆಟ್ಟಿನ ಆಳಕ್ಕೆ ಸಾಕ್ಷಿ. ವಿದರ್ಭದ ನಾಯಕ ಕರುಣ್ ನಾಯರ್ ಆ ಟೂರ್ನಿಯಲ್ಲಿ ಐದು ಶತಕಗಳೊಂದಿಗೆ 779 ರನ್ ಗಳಿಸಿದವರು. ಕರ್ನಾಟಕ ತಂಡದಲ್ಲಿ ಸ್ಥಾನ ಕಳೆದುಕೊಂಡ ಮೇಲೆ ಅವರು ವಿದರ್ಭಕ್ಕೆ ಹೋಗಿದ್ದರು. ಅವರಿಗೂ ಮೊದಲು ದಾವಣಗೆರೆಯ ಗಣೇಶ್ ಸತೀಶ್ ಅದೇ ದಾರಿ ಹಿಡಿದಿದ್ದರು. ಭಾರತದ ಪರ ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಕರುಣ್ ಅವರಂಥ ಆಟಗಾರನಿಗೂ ಜಾಗ ಸಾಲದಷ್ಟು ತುಂಬಿದ ತಂಡದಲ್ಲಿ, ಟರ್ಫ್ ಪಿಚ್ಚಿನ ಮೇಲೆ, ಅಂದರೆ ಜೇಡಿಮಣ್ಣಿಗೆ ನೀರುಣಿಸಿ, ಹುಲ್ಲು ಬೆಳೆಸಿ, ರೋಲರ್ ಹಾಯಿಸಿ ಗಟ್ಟಿಗೊಳಿಸಿದ ಅಂಕಣದ ಮೇಲೆ ಆಡುವ ಅವಕಾಶವೇ ಅಪರೂಪವಾದ ತಾಲ್ಲೂಕಿನ ಹುಡುಗನಿಗೆ ಬಾಗಿಲು ಎಷ್ಟು ಕಿರಿದಾಗಿರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಆ ಬಾಗಿಲನ್ನು ದಾಟಿದವರಲ್ಲಿ ಗದಗ ಜಿಲ್ಲೆಯ ದೊಡ್ಡ ಹೆಸರು ಸುನಿಲ್ ಜೋಶಿ. 1970ರಲ್ಲಿ ಗದಗದಲ್ಲಿ ಹುಟ್ಟಿದ ಈ ಎಡಗೈ ಸ್ಪಿನ್ನರ್ ಅಭ್ಯಾಸಕ್ಕಾಗಿ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಶಾಲೆಯ ಹೊತ್ತಿಗೆ ಮರಳುತ್ತಿದ್ದುದು ಕರ್ನಾಟಕದ ಕ್ರಿಕೆಟ್ ಪ್ರೇಮಿಗಳಿಗೆಲ್ಲ ತಿಳಿದ ಸಂಗತಿ. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರುಗಳಲ್ಲಿ 6 ಮೇಡನ್ ಸಹಿತ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದ ಅವರ ಸಾಧನೆ ಏಕದಿನ ಕ್ರಿಕೆಟ್ಟಿನ ಅತ್ಯಂತ ಮಿತವ್ಯಯದ ಸ್ಪೆಲ್‌ಗಳಲ್ಲಿ ಒಂದು. ಜೋಶಿಯವರ ಛಲವನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಅಸಾಮಾನ್ಯ ಛಲವಿದ್ದವನು ಮಾತ್ರ ದಾಟಬಲ್ಲ ದಾರಿಯನ್ನು ವ್ಯವಸ್ಥೆ ಎನ್ನಲಾಗದು. ಗದಗದಿಂದ ಹುಬ್ಬಳ್ಳಿಗೆ ರೈಲಾದರೂ ಇದೆ. ಗುಡ್ಡದ ಮೇಲಿನ ಕೋಟೆಗೂ ಕಾಲಕಾಲೇಶ್ವರನ ಸನ್ನಿಧಿಗೂ ನೇಕಾರಿಕೆಗೂ ಹೆಸರಾದ ಗಜೇಂದ್ರಗಡದಿಂದ ಗದಗಕ್ಕೆ ಬರಲು ಬಸ್ಸೇ ಗತಿ, ಅದೂ ಸುಮಾರು ಐವತ್ತು ಕಿಲೋಮೀಟರ್. ಕೂಲಿ ನೇಯ್ಗೆಯ ಮನೆಯ ಹುಡುಗನೊಬ್ಬ ವಾರಕ್ಕೆ ನಾಲ್ಕು ದಿನ ಹುಬ್ಬಳ್ಳಿಯವರೆಗೆ ಹೋಗಿಬರಬೇಕೆಂದರೆ ಅವನ ಓದು ಮತ್ತು ಮನೆಯ ದುಡಿಮೆ ಎರಡೂ ನಿಲ್ಲಬೇಕಾಗುತ್ತದೆ.

ಹಾಗಾದರೆ ವಿದರ್ಭದ ಮಾದರಿಯಲ್ಲಿ ಉತ್ತರ ಕರ್ನಾಟಕಕ್ಕೂ ಪ್ರತ್ಯೇಕ ತಂಡ ಬೇಕೇ? ಬೇಡವೆಂಬುದೇ ಸರಿಯಾದ ಉತ್ತರ. ಗಜೇಂದ್ರಗಡದವರೂ ತಮ್ಮದೆಂದು ಹೆಮ್ಮೆಪಡುವ ತಂಡವನ್ನು ಒಡೆಯುವುದರಿಂದ ಬಲ ಕುಗ್ಗುತ್ತದೆ. ಪ್ರತ್ಯೇಕ ತಂಡವೂ ಕಾಲಾಂತರದಲ್ಲಿ ಹುಬ್ಬಳ್ಳಿ ಮತ್ತು ಬೆಳಗಾವಿಗಷ್ಟೇ ಸೀಮಿತವಾಗಬಹುದು. ಬೇಕಾಗಿರುವುದು ರಾಜ್ಯ ಕ್ರಿಕೆಟ್ ಸಂಸ್ಥೆಯು ಜಿಲ್ಲೆಗಳನ್ನು ಗುಂಪುಗೂಡಿಸಿ ಮಾಡಿರುವ ವಲಯಗಳಿಗೆ ಜೀವ ತುಂಬುವ ಕೆಲಸ. ಗದಗ ಜಿಲ್ಲೆ ಸೇರುವ ಧಾರವಾಡ ವಲಯಕ್ಕೆ ಹುಬ್ಬಳ್ಳಿಯ ರಾಜನಗರದಲ್ಲಿ ರಣಜಿ ಪಂದ್ಯ ನಡೆಯಬಲ್ಲ ಕ್ರೀಡಾಂಗಣವಿದೆ. ಬೆಳಗಾವಿಯ ರೋನಿತ್ ಮೋರೆ ರಾಜ್ಯ ತಂಡದಲ್ಲಿ ವೇಗದ ಬೌಲರ್ ಆಗಿ ಆಡಿದ ಉದಾಹರಣೆಯೂ ಇದೆ. ಆದರೆ ಹತ್ತೊಂಬತ್ತು ದಾಟಿದ ಆಟಗಾರ ಆಯ್ಕೆಗಾರರ ಕಣ್ಣಿಗೆ ಬೀಳಬೇಕಾದರೆ ಬೆಂಗಳೂರಿನ ಲೀಗ್ ತಂಡವೊಂದನ್ನು ಸೇರುವುದೇ ಇಂದಿಗೂ ಮುಖ್ಯ ದಾರಿ.

ಇಲ್ಲಿ 50 ಓವರುಗಳ ಮಾದರಿಯೇ ಏಕೆ ಮುಖ್ಯವೆಂಬುದನ್ನು ವಿವರಿಸಬೇಕು. ಊರೂರುಗಳಲ್ಲಿ ಈಗ ನಡೆಯುವುದು ಬಹುಪಾಲು ಟೆನಿಸ್ ಚೆಂಡಿನ ಕಿರು ಟೂರ್ನಿಗಳು. ಅಲ್ಲಿ ಬೌಲರ್‌ಗೆ ಸಿಗುವುದು ಒಂದೆರಡು ಓವರು, ಬ್ಯಾಟರ್‌ಗೆ ಸಿಗುವುದು ಹತ್ತಾರು ಚೆಂಡು. ಏಕದಿನ ಪಂದ್ಯದಲ್ಲಿ ಬೌಲರ್ ಗರಿಷ್ಠ ಹತ್ತು ಓವರುಗಳನ್ನು ಎರಡು ಮೂರು ಸ್ಪೆಲ್‌ಗಳಲ್ಲಿ ಹಂಚಿಕೊಂಡು ಎಸೆಯಬೇಕು; ಮೊದಲ ಹತ್ತು ಓವರುಗಳ ಪವರ್‌ಪ್ಲೇಯಲ್ಲಿ, ಅಂದರೆ ಒಳವೃತ್ತದ ಹೊರಗೆ ಇಬ್ಬರೇ ಫೀಲ್ಡರ್‌ಗಳಿರುವ ಹೊತ್ತಿನಲ್ಲಿ, ಹೊಡೆತ ತಿಂದರೂ ನಡುವಿನ ಓವರುಗಳಲ್ಲಿ ತಿದ್ದಿಕೊಂಡು ಮರಳಲು ಅವನಿಗೆ ಸಮಯವಿರುತ್ತದೆ. ಸ್ಮರಣ್ ಮತ್ತು ಶ್ರೀಜಿತ್ ಫೈನಲ್‌ನಲ್ಲಿ ನಾಲ್ಕನೆಯ ವಿಕೆಟ್‌ಗೆ 160 ರನ್ ಸೇರಿಸಿದ್ದು ಇಂಥ ನಡುವಿನ ಓವರುಗಳ ತಾಳ್ಮೆಯಿಂದಲೇ. ಗಂಟೆಗಟ್ಟಲೆ ಆಡಿದಾಗಲಷ್ಟೇ ಬರುವ ಈ ಗುಣ ಆರು ಓವರುಗಳ ಆಟದಲ್ಲಿ ಹುಟ್ಟುವುದಿಲ್ಲ.

ಆದ್ದರಿಂದ ವಿಜಯ್ ಹಜಾರೆ ಟೂರ್ನಿಗೆ ರಾಜ್ಯ ತಂಡವನ್ನು ಆರಿಸುವ ಮೊದಲು, ಅಕ್ಟೋಬರ್-ನವೆಂಬರಿನಲ್ಲಿ, ಎಲ್ಲ ವಲಯಗಳ ಹಿರಿಯರ ತಂಡಗಳು ತಮ್ಮ ತಮ್ಮ ನೆಲದಲ್ಲೂ ಎದುರಾಳಿಗಳ ನೆಲದಲ್ಲೂ 50 ಓವರುಗಳ ಲೀಗ್ ಆಡಬೇಕು, ಆಯ್ಕೆಗಾರರು ಆ ಪಂದ್ಯಗಳಿಗೆ ಖುದ್ದಾಗಿ ಬರಬೇಕು. ಧಾರವಾಡ ವಲಯದ ಕೆಲವು ಪಂದ್ಯಗಳು ಹುಬ್ಬಳ್ಳಿಯಾಚೆಗೂ ನಡೆಯಬೇಕಾದರೆ ಗದಗ ಜಿಲ್ಲೆಯ ತಾಲ್ಲೂಕುಗಳಲ್ಲಿ ಒಂದೆರಡು ಟರ್ಫ್ ಅಂಕಣಗಳಾದರೂ ಸಿದ್ಧವಾಗಬೇಕು. ಒಳ್ಳೆಯ ಪಿಚ್ಚಿಗೆ ಬೇಕಾದ ಜಿಗುಟು ಮಣ್ಣಿನ ಅಂಶ ರೋಣ, ಗಜೇಂದ್ರಗಡ ಸೀಮೆಯ ಎರೆನೆಲದಲ್ಲಿ ಹೇರಳವಾಗಿದೆ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಕಷ್ಟವಾಗುವುದು ಬೇಸಿಗೆಯಲ್ಲೂ ಹುಲ್ಲನ್ನು ಉಳಿಸುವಷ್ಟು ನೀರು, ಭಾರದ ರೋಲರ್ ಮತ್ತು ವರ್ಷವಿಡೀ ಸಂಬಳ ಪಡೆದು ಅಂಕಣ ಕಾಯುವ ನುರಿತ ಕ್ಯುರೇಟರ್. ಈ ಮೂರರ ವೆಚ್ಚವನ್ನು ತಾಲ್ಲೂಕಿನ ಕ್ಲಬ್ಬುಗಳ ವಂತಿಗೆಗೆ ಬಿಡದೆ ರಾಜ್ಯ ಸಂಸ್ಥೆಯೇ ತನ್ನ ವಾರ್ಷಿಕ ಆಯವ್ಯಯದಲ್ಲಿ ವಲಯವಾರು ನಮೂದಿಸಿ ಭರಿಸಬೇಕು.