ಸೃಜನಶೀಲ ಆರ್ಥಿಕತೆಯಲ್ಲಿ ರಂಗದ ದುಡಿಮೆಗೂ ಲೆಕ್ಕವಿರಲಿ

ಸಂಪಾದಕರಿಗೆ,



ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳಿಗೆ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿದ್ದ ಕರ್ನಾಟಕ ಸರ್ಕಾರ, 2024–29ರ ಅವಧಿಗೂ ಅಂಥದೇ ನೀತಿಯನ್ನು ಪ್ರಕಟಿಸಿರುವುದು ಸ್ವಾಗತಾರ್ಹ. ಆದರೆ ಬೆಂಗಳೂರಿನ ಆರ್ಥಿಕ ಸ್ಪರ್ಧಾಶಕ್ತಿಯನ್ನು, ಅಂದರೆ ಹೂಡಿಕೆಯನ್ನೂ ಪ್ರತಿಭೆಯನ್ನೂ ಸೆಳೆದು ಉಳಿಸಿಕೊಳ್ಳುವ ಸಾಮರ್ಥ್ಯವನ್ನು, ಕುರಿತ ಚರ್ಚೆಯಲ್ಲಿ ಕಂಪ್ಯೂಟರ್ ಪರದೆಯ ಮೇಲಿನ ಸೃಜನಶೀಲತೆಗೆ ಸಿಗುವ ಮನ್ನಣೆ ರಂಗಭೂಮಿಯ ದುಡಿಮೆಗೆ ಸಿಗುತ್ತಿಲ್ಲವೆಂಬುದು ಆಕ್ಷೇಪಾರ್ಹ.

ಸಿನಿಮಾ, ಧಾರಾವಾಹಿ, ಜಾಹೀರಾತು ಮತ್ತು ಡಬ್ಬಿಂಗ್ ಉದ್ಯಮಗಳು ಬಳಸಿಕೊಳ್ಳುವ ಅನೇಕ ನಟರು, ಸಂಭಾಷಣೆಕಾರರು, ಪ್ರಸಾಧನ ಕಲಾವಿದರು ಕಸುಬು ಕಲಿತದ್ದು ಹವ್ಯಾಸಿ ನಾಟಕ ತಂಡಗಳಲ್ಲಿ. ಈ ತರಬೇತಿಯ ವೆಚ್ಚವನ್ನು ಉದ್ಯಮವಾಗಲಿ ಸರ್ಕಾರವಾಗಲಿ ಬಹುಮಟ್ಟಿಗೆ ಭರಿಸುವುದಿಲ್ಲ. ಕಚೇರಿ ಕೆಲಸ ಮುಗಿಸಿ ಬಂದು, ಶಾಲಾ ಕೊಠಡಿಯಲ್ಲೋ ಮನೆಯ ತಾರಸಿಯಲ್ಲೋ ರಾತ್ರಿಯವರೆಗೆ ತಾಲೀಮು ನಡೆಸುವ ತಂಡಗಳೇ ಅದನ್ನು ಹೊರುತ್ತವೆ. ಬೆಳಗ್ಗೆ ಟೆಂಪೋದಿಂದ ರಂಗಸಜ್ಜಿಕೆ ಇಳಿಸಿ, ದೀಪಗಳನ್ನು ಕಟ್ಟಿ, ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ಕಳಚಿ ತುಂಬಿಸುವವರಿಗೆ ಸಂಭಾವನೆ ಸಿಕ್ಕರೂ ಅದು ಪ್ರದರ್ಶನಕ್ಕೆ ಇಷ್ಟೆಂದು ಮಾತ್ರವಾದ್ದರಿಂದ, ಪ್ರದರ್ಶನವಿಲ್ಲದ ತಿಂಗಳಲ್ಲಿ ಆದಾಯವೂ ಇರುವುದಿಲ್ಲ. ಬಾಡಿಗೆ ಏರಿದಂತೆ ಇಂಥವರು ನಗರದ ಅಂಚಿಗೆ ಸರಿದರೆ, ಸಂಜೆಯ ತಾಲೀಮಿಗೆ ಬಂದು ಹೋಗುವುದೇ ಅಸಾಧ್ಯವಾಗಿ, ಕಸುಬು ಕೈಯಿಂದ ಕೈಗೆ ದಾಟುವ ಕೊಂಡಿ ಕಳಚುತ್ತದೆ.

ಪರಿಹಾರದ ಮಾದರಿ ನಗರದಲ್ಲಿಯೇ ಇದೆ. ನಟ, ನಿರ್ದೇಶಕ ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಸಂಗಡಿಗರು ಕಟ್ಟಿದ, 2004ರಲ್ಲಿ ಜೆ.ಪಿ. ನಗರದಲ್ಲಿ ಆರಂಭವಾದ ರಂಗಶಂಕರ ರಂಗಮಂದಿರ ತಲೆಯೆತ್ತಿದ್ದು ಸರ್ಕಾರ ಒದಗಿಸಿದ ನಿವೇಶನದಲ್ಲಿ. ಸಾರ್ವಜನಿಕ ಜಾಗವೊಂದು ದೊರೆತರೆ ಒಂದು ಬಡಾವಣೆ ಹೇಗೆ ಸಾಂಸ್ಕೃತಿಕ ಕೇಂದ್ರವಾಗಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿದೆ. ಆದ್ದರಿಂದ ಸಂಜೆ ಖಾಲಿ ಉಳಿಯುವ ಸರ್ಕಾರಿ ಶಾಲಾ ಕೊಠಡಿಗಳನ್ನೂ ಸಮುದಾಯ ಭವನಗಳನ್ನೂ ಅಲ್ಪ ಬಾಡಿಗೆಗೆ ತಾಲೀಮಿಗೆ ಬಿಟ್ಟುಕೊಡುವ ವ್ಯವಸ್ಥೆ ಪ್ರತಿ ವಾರ್ಡಿನಲ್ಲೂ ಬರಬೇಕು.

ಜಾಗದ ಜೊತೆಗೆ ಆದಾಯದ ಭದ್ರತೆಯೂ ಬೇಕು. ಸಿನಿಮಾ ಟಿಕೆಟ್ ಮತ್ತು ಚಂದಾ ಶುಲ್ಕದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಿಧಿಸಿ ಕಲ್ಯಾಣ ನಿಧಿ ಸ್ಥಾಪಿಸಲು, ಸಿನಿಮಾ ಹಾಗೂ ಸಾಂಸ್ಕೃತಿಕ ಕಾರ್ಯಕರ್ತರಿಗಾಗಿ 2024ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಕಾನೂನು ಅವಕಾಶ ನೀಡುತ್ತದೆ. ಅದರ ಪ್ರಯೋಜನ ತೆರೆಯ ಮೇಲಿನ ಮುಖಗಳಿಗೆ ಸೀಮಿತವಾಗದೆ, ಬೆಳಕು, ಧ್ವನಿ, ವಸ್ತ್ರ, ಪ್ರಸಾಧನಗಳ ದುಡಿಮೆಗಾರರಿಗೂ ತಲುಪುವಂತೆ ಸರಳ ನೋಂದಣಿ ನಡೆಯಬೇಕು. ಉದ್ಯಮಕ್ಕೆ ಸಹಾಯಧನ ನೀಡುವ ಸರ್ಕಾರ, ಆ ಉದ್ಯಮಕ್ಕೆ ಕಲಾವಿದರನ್ನು ತಯಾರುಮಾಡಿ ಕೊಡುವ ರಂಗಭೂಮಿಯನ್ನೂ ಆರ್ಥಿಕತೆಯ ಭಾಗವೆಂದು ಮುಂದಿನ ಆಯವ್ಯಯದಲ್ಲೇ ಗುರುತಿಸಲಿ.

ಇತಿ,
ರಂಗಾಸಕ್ತ ಓದುಗರು, ಬೆಂಗಳೂರು