ಹಾಜರಿ ಕರೆಯದೆ ಬೆತ್ತ ಎತ್ತಬಾರದು



ಬಹಳ ವರ್ಷಗಳ ಹಿಂದಿನ ಮಾತು. ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಾಗ ಕಾಗದದ ವಿಮಾನವೊಂದು ಹಾರಿಬಂದು ಕಾಲ ಬಳಿ ಬಿದ್ದಿತು. ತಿರುಗಿದೆ. ಒಬ್ಬ ಹುಡುಗ ಎದ್ದು ನಿಂತಿದ್ದ. ಅವನಿಗೆ ಕಾಗದದ ಆಟಿಕೆಗಳ ಗೀಳಿದ್ದುದು ನನಗೆ ಗೊತ್ತಿತ್ತು. ವಿಚಾರಣೆಯಿಲ್ಲದೆ ಬೆತ್ತದ ರುಚಿ ತೋರಿಸಿದೆ. ಹಾರಿಸಿದವನು ಬೇರೊಬ್ಬನೆಂದು ತಿಳಿದದ್ದು ಬೀಳ್ಕೊಡುಗೆಯ ದಿನ. ಡ್ರೋನ್ ತಡೆಯುವ ಯಂತ್ರಗಳ ಬಗ್ಗೆ ಓದುವಾಗಲೆಲ್ಲ ಆ ಮುಖ ನೆನಪಾಗುತ್ತದೆ.

ಕಾರಣ ಲಂಡನ್ ಸಮೀಪದ ಗ್ಯಾಟ್ವಿಕ್ ವಿಮಾನ ನಿಲ್ದಾಣದ ಘಟನೆ. 2018ರ ಡಿಸೆಂಬರ್ 19ರ ರಾತ್ರಿ ಅಲ್ಲಿ ಡ್ರೋನ್ ಕಂಡಿತೆಂಬ ಸುದ್ದಿ ಹಬ್ಬಿ ರನ್‌ವೇ ಮುಚ್ಚಲಾಯಿತು. ಕ್ರಿಸ್‌ಮಸ್ ಸಮಯದಲ್ಲಿ ಸುಮಾರು 1,000 ವಿಮಾನಗಳ ಸಂಚಾರ ಅಸ್ತವ್ಯಸ್ತಗೊಂಡು ಸುಮಾರು 1,40,000 ಪ್ರಯಾಣಿಕರು ಪರದಾಡಿದರು. ಪೊಲೀಸರು ಊರಿನ ದಂಪತಿಗಳನ್ನು ಬಂಧಿಸಿದರು. ಗಂಡನಿಗೆ ಮಾದರಿ ವಿಮಾನಗಳ ಹವ್ಯಾಸವಿತ್ತು. ಡ್ರೋನ್ ಹಾರಿತೆನ್ನಲಾದ ಹೊತ್ತಿನಲ್ಲಿ ಆತ ಕೆಲಸದಲ್ಲಿದ್ದ. 36 ಗಂಟೆಗಳ ನಂತರ ಇಬ್ಬರನ್ನೂ ನಿರಪರಾಧಿಗಳೆಂದು ಬಿಟ್ಟರು. 2020ರಲ್ಲಿ ಪರಿಹಾರ ಹಾಗೂ ವಕೀಲರ ವೆಚ್ಚವೆಂದು 2 ಲಕ್ಷ ಪೌಂಡ್ ತೆರಲು ಪೊಲೀಸರು ಒಪ್ಪಿದರು. ನಿಜವಾದ ಅಪರಾಧಿಯನ್ನು ಪತ್ತೆಹಚ್ಚದೆಯೇ 2019ರಲ್ಲಿ ತನಿಖೆ ಮುಗಿದಿತ್ತು. ಜನ ಕಂಡ ಡ್ರೋನ್‌ಗಳಲ್ಲಿ ಕೆಲವು ಪೊಲೀಸರು ಹುಡುಕಾಟಕ್ಕೆ ಹಾರಿಸಿದವೇ ಇರಬಹುದೆಂದು ಅವರ ಮುಖ್ಯಾಧಿಕಾರಿಯೇ ಒಪ್ಪಿಕೊಂಡಿದ್ದರು!

ಆಕಾಶರಕ್ಷಣೆಯೆಂದರೆ ಹೊಡೆದುರುಳಿಸುವುದು ಎಂದು ನಾವು ಭಾವಿಸುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಪಾಠ. ಮೊದಲನೆಯದು ಗುರುತಿಸುವುದು, ಅದೇ ಹೆಚ್ಚು ಕಷ್ಟ. ಸಣ್ಣ ಪ್ಲಾಸ್ಟಿಕ್ ಡ್ರೋನ್ ರೇಡಾರ್‌ಗೆ ಹಕ್ಕಿಯಂತೆಯೇ ತೋರುತ್ತದೆ. ತಿರುಗುವ ರೆಕ್ಕೆಗಳಿಂದ ಮರಳುವ ಅಲೆಯಲ್ಲಿ ಉಂಟಾಗುವ ಸೂಕ್ಷ್ಮ ಏರಿಳಿತವನ್ನು ಕಂಡು ಎರಡನ್ನೂ ಬೇರ್ಪಡಿಸಬೇಕು. ಹಾರಿಸುವವನ ರೇಡಿಯೊ ಸಂಕೇತವನ್ನು ಆಲಿಸುವ ಉಪಕರಣ, ರಾತ್ರಿಯಲ್ಲೂ ಕಾಣುವ ಕ್ಯಾಮೆರಾ, ಸದ್ದನ್ನು ಹಿಡಿಯುವ ಮೈಕ್ ಇವೆಲ್ಲವೂ ಒಟ್ಟಾಗಿ ಸಾಕ್ಷಿ ಹೇಳಿದರೆ ಮಾತ್ರ ಭರವಸೆ.

ತಡೆಯುವ ಉಪಾಯಗಳಿಗೂ ಮಿತಿಯುಂಟು. ಸಂಪರ್ಕ ಕಡಿಯುವ ಜಾಮರ್ ಸುತ್ತಲಿನವರ ಸಂಪರ್ಕವನ್ನೂ ಕೆಡಿಸಬಹುದು. ಉಕ್ರೇನ್ ಯುದ್ಧದಲ್ಲಿ ಕೂದಲೆಳೆಯಂಥ ಆಪ್ಟಿಕಲ್ ಫೈಬರ್ ಬಿಚ್ಚಿಕೊಳ್ಳುತ್ತ ಹಾರುವ ಡ್ರೋನ್‌ಗಳು ಬಂದಿವೆ; ಅವಕ್ಕೆ ರೇಡಿಯೊ ಸಂಪರ್ಕವೇ ಬೇಡವಾದ್ದರಿಂದ ಜಾಮರ್ ನಿರುಪಯೋಗಿ. ಗುಂಡು, ಲೇಸರ್ ಬಳಸಿದರೆ ಅವಶೇಷ ಯಾರ ತಲೆಯ ಮೇಲೆ ಬೀಳುವುದೋ! ಡಚ್ ಪೊಲೀಸರು ಡ್ರೋನ್ ಹಿಡಿಯಲು ಹದ್ದುಗಳನ್ನೇ ಪಳಗಿಸಿದ್ದರು. ತರಬೇತಿ ದುಬಾರಿ, ಹಕ್ಕಿಗಳು ಸದಾ ಹೇಳಿದ ಮಾತು ಕೇಳವು ಎಂದು 2017ರಲ್ಲಿ ಕೈಬಿಟ್ಟರು. ಮಾತು ಕೇಳದ ಶಿಷ್ಯರ ಕಷ್ಟ ನನಗೂ ಗೊತ್ತು!

ಅಪಾಯವನ್ನು ನಾನು ಅಲ್ಲಗಳೆಯುತ್ತಿಲ್ಲ. 2021ರ ಜೂನ್ 27ರ ನಸುಕಿನಲ್ಲಿ ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನ್‌ಗಳಿಂದ ಎರಡು ಸ್ಫೋಟಕಗಳು ಬಿದ್ದವು. ಇಬ್ಬರು ಸಿಬ್ಬಂದಿ ಗಾಯಗೊಂಡರು. ಅದೇ ವರ್ಷದ ಆಗಸ್ಟ್ 31ರಂದು, ಡಿಆರ್‌ಡಿಓ ರೂಪಿಸಿದ ಡ್ರೋನ್ ನಿರೋಧಕ ವ್ಯವಸ್ಥೆಗಾಗಿ ನೌಕಾಪಡೆಯು ನಮ್ಮ ಬೆಂಗಳೂರಿನ ಬಿಇಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. 2025ರ ಮೇ 8ರ ರಾತ್ರಿ ಪಾಕಿಸ್ತಾನದಿಂದ 36 ಸ್ಥಳಗಳತ್ತ 300ರಿಂದ 400 ಡ್ರೋನ್‌ಗಳು ಬಂದವೆಂದು ಸರ್ಕಾರ ತಿಳಿಸಿತು. ಯುದ್ಧಕಾಲದ ಗಡಿಯಲ್ಲಿ ಮೊದಲು ಹೊಡೆಯುವುದೇ ಧರ್ಮ.

ಆದರೆ ಊರೊಳಗಿನ ಮಾತು ಬೇರೆ. ಇಲ್ಲಿ ಮದುವೆಯ ಚಿತ್ರ ತೆಗೆಯುವವನ ಡ್ರೋನ್ ಇದೆ, ಗದ್ದೆಗೆ ಔಷಧಿ ಸಿಂಪಡಿಸುವವನ ಡ್ರೋನ್ ಇದೆ. ನಮ್ಮ 2021ರ ಡ್ರೋನ್ ನಿಯಮಗಳು ಗುರುತಿನ ಸಂಖ್ಯೆಯನ್ನು ವಿಧಿಸಿದವು; ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದವು. ಹಾರುವಾಗಲೇ ತನ್ನ ಇರುವಿಕೆಯನ್ನು ಸಾರುವ ಸಂಕೇತಸಾಧನವನ್ನು ಮಾತ್ರ ಮುಂದಿನ ಅಧಿಸೂಚನೆಗೆ ಬಿಟ್ಟವು. ಅಮೆರಿಕದಲ್ಲಿ ನೋಂದಾಯಿತ ಡ್ರೋನ್‌ಗಳಿಗೆ ಅಂಥ ನಿಯಮ 2024ರ ಮಾರ್ಚ್‌ನಿಂದ ಪೂರ್ಣವಾಗಿ ಜಾರಿಯಾಯಿತು. ಇಲ್ಲಿಯೂ ಹಾರುವ ಪ್ರತಿಯೊಂದು ಡ್ರೋನ್ ತನ್ನ ಸಂಖ್ಯೆ ಹೇಳುತ್ತಲೇ ಹಾರಬೇಕೆಂಬುದು ನನ್ನ ದೃಢ ಅಭಿಮತ.

ಕಳ್ಳನು ಸಂಖ್ಯೆ ಹೇಳುತ್ತಾನೆಯೇ ಎಂದು ನೀವು ಕೇಳಬಹುದು. ಹೇಳುವುದಿಲ್ಲ, ನಿಜ. ಆದರೆ ಹಾಜರಿ ಕರೆಯುವುದರ ಗುಟ್ಟೇ ಅದು. ನಲವತ್ತು ಮಕ್ಕಳು ‘ಹಾಜರ್’ ಎಂದರೆ, ಉತ್ತರಿಸದವನು ಯಾರೆಂದು ತಾನಾಗಿಯೇ ತಿಳಿಯುತ್ತದೆ. ಕಾವಲಿನವರ ಕಣ್ಣು ಅತ್ತ ಹೊರಳುತ್ತದೆ, ಉಳಿದವರು ನಿಶ್ಚಿಂತರು.

ಆದ್ದರಿಂದ ನಿಮ್ಮಲ್ಲಿ ಯಾರಾದರೂ ಮೊಮ್ಮಗನಿಗೆಂದು, ಉದ್ಯೋಗಕ್ಕೆಂದು ಡ್ರೋನ್ ಕೊಳ್ಳುವುದಾದರೆ ಮೊದಲು ನಿಯಮ ಓದಿ, ನೋಂದಣಿ ಮಾಡಿಸಿ, ವಲಯ ನೋಡಿ.

ಅಂದು ನಾನು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಪೆಟ್ಟು ತಿಂದ ಆ ಶಿಷ್ಯ ಇದನ್ನು ಓದುತ್ತಿದ್ದರೆ, ತಡವಾಗಿಯಾದರೂ ಕ್ಷಮೆ ಕೇಳುತ್ತೇನೆ, ಮಗೂ.